ರಾತ್ರಿ ಮುದ್ದೆ ಬಿಡಿಸಿದರೂ ತೂಕ ಇಳಿಯದ ಹುಡುಗ

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಮಂಡ್ಯದ ಹುಡುಗ, 14 ವರ್ಷ, ಒಂಬತ್ತನೇ ಕ್ಲಾಸು. 'ಮೇಡಂ, ಇವನಿಗೆ ಬಾಯಿ ಕಟ್ಟೋದು ಹೇಳಿಕೊಡಿ' ಅಂತ ಅಮ್ಮ ಕರೆದುಕೊಂಡು ಬಂದರು. ರಾತ್ರಿ ಮುದ್ದೆ ನಿಲ್ಲಿಸಿದ್ದರು. ತೂಕ ಮಾತ್ರ ಏರುತ್ತಲೇ ಇತ್ತು. ಮನೆಯಲ್ಲಿ ಅವನನ್ನು ಕರೆಯುವುದೇ 'ಗುಂಡ' ಅಂತ.

ಊಟದ ಮಾತು ಬಿಟ್ಟು, ನಿನ್ನೆ ಎಷ್ಟು ಹೊತ್ತಿಗೆ ಏನು ಮಾಡಿದೆ ಅಂತ ಕೇಳಿದೆ. 5ಕ್ಕೆ ಎದ್ದು ಗಣಿತದ ಟ್ಯೂಷನ್. ಸಂಜೆ ವಿಜ್ಞಾನದ್ದು. ಹೋಂವರ್ಕ್ ಮುಗಿಯುವುದು 10.30ಕ್ಕೆ, ಆಮೇಲೆ ಮೊಬೈಲ್. ಮಲಗುವಾಗ 12 ದಾಟಿರುತ್ತದೆ.

'ಆಗ ಹಸಿವಾಗಲ್ವಾ?'

ಅಮ್ಮನ ಕಡೆ ಒಮ್ಮೆ ನೋಡಿದ. 'ಆಗುತ್ತೆ. ಮಿಕ್ಸ್ಚರ್ ಡಬ್ಬದ ಮುಚ್ಚಳಕ್ಕೆ ಟವೆಲ್ ಸುತ್ತಿ ತೆಗೀತೀನಿ, ಸದ್ದಾಗಲ್ಲ.' ಅಮ್ಮನಿಗೆ ಸಿಟ್ಟೂ ಬಂತು, ನಗುವೂ ಬಂತು.

13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಇವನಿಗೆ 5 ಗಂಟೆಯೂ ಸಿಗುತ್ತಿರಲಿಲ್ಲ. ನಿದ್ದೆ ಕೆಟ್ಟರೆ ಹಸಿವು ಎಬ್ಬಿಸುವ ಹಾರ್ಮೋನ್ ಗ್ರೆಲಿನ್ ಏರಬಹುದು, 'ಸಾಕು' ಅನ್ನಿಸುವ ಲೆಪ್ಟಿನ್ ಇಳಿಯಬಹುದು. ಕರಿದದ್ದು, ಸಿಹಿಯ ಕಡೆ ಮನಸ್ಸು ಎಳೆಯುತ್ತದೆ, ಆಟಕ್ಕೆ ಹೋಗುವ ಶಕ್ತಿ ಇರುವುದಿಲ್ಲ. ಹದಿಹರೆಯದಲ್ಲಿ ನಿದ್ದೆಗೆ ಸಜ್ಜು ಮಾಡುವ ಹಾರ್ಮೋನ್ ಮೆಲಟೋನಿನ್ ರಾತ್ರಿ ತಡವಾಗಿಯೇ ಏರುತ್ತದೆ. 9ಕ್ಕೇ ಮಲಗು ಅಂದರೆ ಸುಮ್ನೆ ಹೊರಳಾಡುತ್ತಾರೆ. ತೂಕಕ್ಕೆ ನಿದ್ದೆಯೊಂದೇ ಕಾರಣ ಅಂತಲ್ಲ. ಆದರೆ ಈ ಮನೆಯಲ್ಲಿ ಅದನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮೊದಲು ಬೆಳಗಿನ ಟ್ಯೂಷನ್ ಬಿಡಿಸಿ ಅಂದೆ. 'ಮುಂದಿನ ವರ್ಷ ಎಸ್ಸೆಸ್ಸೆಲ್ಸಿ' ಅಂತ ಅಪ್ಪ ಪಟ್ಟು ಹಿಡಿದರು. ತೂಕಡಿಸುವ ಹುಡುಗನಿಗೆ ಬೀಜಗಣಿತ ತಲೆಗೆ ಹತ್ತುತ್ತಾ ಅಂತ ಕೇಳಿದ ಮೇಲೆ ಭಾನುವಾರದ ಬ್ಯಾಚಿಗೆ ಒಪ್ಪಿದರು. ಈಗ 10ಕ್ಕೆ ಲೈಟ್ ಆಫ್, 6.30ಕ್ಕೆ ಏಳುವುದು. ರಜೆ ದಿನ ಒಂದು ಗಂಟೆ ಜಾಸ್ತಿ ಮಲಗಲಿ, ಮಧ್ಯಾಹ್ನದವರೆಗೆ ಬೇಡ. ಸಂಜೆ ಕಾಫಿ ಬೇಡ. ರಾತ್ರಿ ಎಲ್ಲರ ಮೊಬೈಲೂ ಹಾಲ್‌ನಲ್ಲಿ ಚಾರ್ಜಿಗೆ. 8ಕ್ಕೆ ಮುದ್ದೆ, ಸೊಪ್ಪಿನ ಸಾರು ವಾಪಸ್. 'ಗುಂಡ' ಅನ್ನುವುದು ಬಂದ್.

ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾನೆ ಅಂತ ಅಜ್ಜಿ ಹೇಳಿದ್ದರಂತೆ. ಅದನ್ನು ಗಾಢ ನಿದ್ದೆ ಅಂದುಕೊಂಡಿದ್ದರು! ತೂಕ ಹೆಚ್ಚಿರುವ ಮಕ್ಕಳಲ್ಲಿ ಉಸಿರು ಕಟ್ಟಿ ಕಟ್ಟಿ ನಿದ್ದೆ ಒಡೆಯುವುದುಂಟು. ಮಕ್ಕಳ ಡಾಕ್ಟರ್ ಹತ್ತಿರ ಕಳಿಸಿದೆ. ಬಿಎಂಐಯನ್ನೂ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) ವಯಸ್ಸಿನ ಚಾರ್ಟಿನಲ್ಲೇ ನೋಡಿಸಿ ಅಂದೆ. ದೊಡ್ಡವರ ಅಳತೆ ಮಕ್ಕಳಿಗೆ ಹೊಂದುವುದಿಲ್ಲ.

ಮೂರು ತಿಂಗಳ ನಂತರ ತೂಕ ಇಳಿದಿರಲಿಲ್ಲ, ಏರಿಯೂ ಇರಲಿಲ್ಲ. ಎತ್ತರ ಬೆಳೆದಿದ್ದ. ಬೆಳೆಯುವ ವಯಸ್ಸಿನಲ್ಲಿ ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. ಅಪ್ಪನ ಮೊಬೈಲ್ ಇನ್ನೂ ಹಾಲ್‌ಗೆ ಬಂದಿಲ್ಲವಂತೆ. ಗೊರಕೆಗೆ ಇಎನ್‌ಟಿ (ಕಿವಿ, ಮೂಗು, ಗಂಟಲು) ತಪಾಸಣೆ ಬಾಕಿ ಇದೆ, ಸ್ಕೂಲ್ ಪರೀಕ್ಷೆ ಮುಗಿಯಲಿ ಅಂತ ಅದನ್ನು ಮುಂದೂಡಬೇಡಿ ಅಂತ ಹೇಳಿ ಕಳಿಸಿದ್ದೇನೆ.