ನಾಯಿಯ ಬೆನ್ನಿನ ಗಂಟು ಒಡೆದು ಎಣ್ಣೆಯಂಥದ್ದು ಸೋರುತ್ತಿದೆ, ಯಾವ ಆಂಟಿಬಯೋಟಿಕ್ ಒಳ್ಳೆಯದು?

ಆಂಟಿಬಯೋಟಿಕ್ ಎರಡು ಕೋರ್ಸ್ ಮುಗಿದರೂ ಹೊಸ ಗಂಟು ಏಳ್ತಿದೆ, ಈಗ ಐದಾಗಿವೆ ಅಂದಿರಲ್ಲ, ಅಲ್ಲಿಗೇ ನಮ್ಮ ನಾಯಿ ಕೆಂಪ ಕಣ್ಣ ಮುಂದೆ ಬಂದ. ಶಿರಸಿ ಹತ್ತಿರ ನಮ್ಮನೆ, ಅವನು ಡ್ಯಾಶಂಡ್ ಜಾತಿಯವನು. ಬೆನ್ನ ಮೇಲೆ ಅಡಿಕೆ ಗಾತ್ರದ ಗಂಟುಗಳು. ಉಣುಗು ಕಚ್ಚಿರಬೇಕು ಅಂತ ಸುಮ್ಮನಿದ್ದೆ. ಒಂದು ಒಡೆಯಿತು. ಬಂದಿದ್ದು ಬಿಳಿ ಕೀವಲ್ಲ, ಹಳದಿ-ಕಂದು ಜಿಡ್ಡು. ಅವನು ಮಲಗುವ ಗೋಣಿಚೀಲದ ಮೇಲೆ ಎಣ್ಣೆ ಚೆಲ್ಲಿದಂಥ ಕಲೆ, ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಆ ಜಿಡ್ಡು ಕೊಬ್ಬು. ಚರ್ಮದ ಕೆಳಗಿನ ಕೊಬ್ಬಿಗೇ ಉರಿಯೂತ ಬಂದಿರುತ್ತೆ, ಡಾಕ್ಟರ ಬಾಯಲ್ಲಿ ಪ್ಯಾನಿಕ್ಯುಲೈಟಿಸ್. ಬ್ಯಾಕ್ಟೀರಿಯಾ, ಫಂಗಸ್, ಒಳಗೆ ಸೇರಿದ ಮುಳ್ಳು, ಇಂಜೆಕ್ಷನ್ ಚುಚ್ಚಿದ ಜಾಗ, ಮೇದೋಜೀರಕ ಗ್ರಂಥಿಯ ತೊಂದರೆ, ಯಾವುದರಿಂದಲೂ ಬರಬಹುದು. ಒಂದು ರೋಗಾಣುವೂ ಇಲ್ಲದೆ ಬರುವುದೂ ಉಂಟು. ಹಾಗಾಗಿ ಯಾವ ಆಂಟಿಬಯೋಟಿಕ್ ಅನ್ನೋ ಪ್ರಶ್ನೆಯನ್ನೇ ಬಿಡಿ. ಬಯಾಪ್ಸಿ, ಅಂದರೆ ಗಂಟಿನ ತುಂಡು ತೆಗೆದು ಮಾಡುವ ಪರೀಕ್ಷೆ, ಯಾವಾಗ ಅಂತ ಕೇಳಿ.

ನಾನು ಕೆಟ್ಟಿದ್ದು ಅಲ್ಲೇ. ಡಾಕ್ಟರು ಒಡೆಯದ ಗಂಟನ್ನೇ ಬುಡಸಮೇತ ತೆಗೆದು, ಎರಡು ಡಬ್ಬಿಯಲ್ಲಿ ಹಾಕಿ ಕೊಟ್ಟರು. ಒಂದರಲ್ಲಿ ಫಾರ್ಮಲಿನ್ ಅನ್ನೋ ದ್ರಾವಣ, ಇನ್ನೊಂದು ದ್ರಾವಣವಿಲ್ಲದ ಖಾಲಿ ಡಬ್ಬಿ, ಐಸ್ ಇಟ್ಟು ಒಯ್ಯಿ ಅಂದರು. ಮರುದಿನ ಬೆಳಿಗ್ಗೆ ಶಿವಮೊಗ್ಗದ ಲ್ಯಾಬಿಗೆ ಬಸ್ಸು. ಅಪ್ಪೆಮಿಡಿ ಹಾಕುವ ಮನೆಯವನು ನಾನು. ಉಪ್ಪುನೀರಿಲ್ಲದ ಮಿಡಿ ಕೊಳೆಯುತ್ತೆ ಅಂತ ಗೊತ್ತು. ಖಾಲಿ ಡಬ್ಬಿಯ ತುಂಡೂ ಸಾಗರ ಮುಟ್ಟುವುದರೊಳಗೆ ಕೊಳೆತೀತು ಅಂತ ಅದನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟೆ! ಫಾರ್ಮಲಿನ್‌ನಲ್ಲಿ ಮಾಂಸ ಕೆಡುವುದಿಲ್ಲ, ನಿಜ. ಆದರೆ ರೋಗಾಣು ಇದ್ದರೆ ಅದೂ ಸಾಯುತ್ತೆ. ಸತ್ತ ರೋಗಾಣುವನ್ನು ಲ್ಯಾಬಿನ ಕಲ್ಚರ್‌ನಲ್ಲಿ ಬೆಳೆಸೋದು ಹೇಗೆ? ಸೂಕ್ಷ್ಮದರ್ಶಕದಲ್ಲಿ ನೋಡಿ ಕೊಬ್ಬಿನ ಉರಿಯೂತ ಅಂದರು, ಸೋಂಕು ಇದೆಯೋ ಇಲ್ಲವೋ ಹೇಳಲಾಗಲಿಲ್ಲ. ಅದು ಗೊತ್ತಾಗದೆ ಡಾಕ್ಟರು ಉರಿಯೂತ ಇಳಿಸುವ ಸ್ಟೀರಾಯ್ಡ್ ಕೊಡಲು ಒಪ್ಪಲಿಲ್ಲ, ಸೋಂಕಿದ್ದರೆ ಅದು ಇನ್ನೂ ಹಬ್ಬುತ್ತೆ. ಕೆಂಪನಿಗೆ ಮತ್ತೆ ಅರಿವಳಿಕೆ, ಮತ್ತೆ ಹೊಲಿಗೆ. ಕ್ಷಯದ ಜಾತಿಯ ರೋಗಾಣು ಬೆಳೆಯಲು ವಾರಗಟ್ಟಲೆ ಬೇಕು, ಆ ಕಾಯುವಿಕೆ ಬೇರೆ. ಅಷ್ಟರಲ್ಲಿ ಇನ್ನೂ ಮೂರು ಗಂಟು ಒಡೆದವು.

ಕೊನೆಗೆ ಏನೂ ಬೆಳೆಯಲಿಲ್ಲ. ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಶುರುವಾಯಿತು, ಜತೆಗೆ ವಿಟಮಿನ್ ಇ. ಗಂಟು ಇಳಿದವು. ನೀರು ಮಾತ್ರ ಚೆಂಬುಗಟ್ಟಲೆ ಕುಡಿದು ಜಗಲಿ ತುಂಬಾ ಉಚ್ಚೆ ಹೊಯ್ದ. ಆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬೇಡಿ, ನಿಧಾನಕ್ಕೆ ಕಡಿಮೆ ಮಾಡಬೇಕು. ನಮಗೆ ತಿಂಗಳುಗಳೇ ಹಿಡಿದವು.

ಒಂದೇ ಗಂಟಾಗಿದ್ದರೆ ಕೊಯ್ದು ತೆಗೆದರೆ ಸಾಕಾಗುತ್ತಿತ್ತೇನೋ. ನಿಮ್ಮದು ಐದು ಅಂದಿದ್ದೀರಿ. ಕಾರವಾರದಲ್ಲಿ ಬಯಾಪ್ಸಿ ಮಾಡಿಸುವುದಾದರೆ ಈಗಿನ ಆಂಟಿಬಯೋಟಿಕ್ ಮಾತ್ರೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಡಾಕ್ಟರನ್ನೇ ಕೇಳಿ. ಗಂಟು ಹಿಸುಕಬೇಡಿ. ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಮಾತ್ರೆ ಕೊಡಬೇಡಿ. ಖಾಲಿ ಡಬ್ಬಿ ಕೊಟ್ಟರೆ ಅದರ ಮುಚ್ಚಳ ಮುಟ್ಟಲೇಬೇಡಿ ಮಾರಾಯ್ರೆ.