ಟ್ರೈಲರ್ ದೀಪ ಉರಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ ಅಂದಿದ್ದಕ್ಕೆ

ಕಾರಣ ಬಹುತೇಕ ಕಾರಿನ 4 ಪಿನ್ ಸಾಕೆಟ್ಟಿಗೆ ಟ್ರೈಲರಿನ 7 ಪಿನ್ ಪ್ಲಗ್ ಜೋಡಿಸಲು ನೀವು ಹಾಕಿರುವ ಅಡಾಪ್ಟರೇ. ಕಾರಿನ 4 ಪಿನ್ ಸಾಕೆಟ್ಟಿನಲ್ಲಿ ಟೈಲ್ ಲೈಟು, ಎಡ-ಬಲದ ಇಂಡಿಕೇಟರ್ ಮತ್ತು ಬ್ರೇಕ್ ಲೈಟು, ಅರ್ಥ್ ಇಷ್ಟೇ ಇರುವುದು, ಎಲೆಕ್ಟ್ರಿಕ್ ಬ್ರೇಕಿಗೆ ಹೋಗುವ ವೈರೇ ಇಲ್ಲ ಅಲ್ವಾ, ಹಾಗಾಗಿ ಟ್ರೈಲರಿನ 7 ಪಿನ್ ಪ್ಲಗ್ ಕೂತರೂ ಪ್ರಯೋಜನವಿಲ್ಲ.

ಮೊದಲು ಪ್ಲಗ್ ಬಿಚ್ಚಿ, ಟ್ರೈಲರಿನ ಬ್ರೇಕ್‌ಅವೇ ಪಿನ್ (ಟ್ರೈಲರ್ ಕಾರಿನಿಂದ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಾಕಿಸುವ ಪಿನ್) ಎಳೆದು ನೋಡಿ. ಚಕ್ರ ಬಿಗಿಯಾದರೆ ಟ್ರೈಲರ್ ಕಡೆ ಸರಿಯಿದೆ. ಪಿನ್ ತಕ್ಷಣ ವಾಪಸ್ ಹಾಕಿ, ಇಲ್ಲದಿದ್ದರೆ ಟ್ರೈಲರಿನ ಬ್ಯಾಟರಿ ಇಳಿಯುತ್ತದೆ. ಆಮೇಲೆ ಕಾರಿಗೆ 7 ಪಿನ್ ಸಾಕೆಟ್ಟು, ಬ್ರೇಕ್ ಕಂಟ್ರೋಲರ್ (ಕಾರಿನಿಂದ ಟ್ರೈಲರ್ ಬ್ರೇಕಿಗೆ ಕರೆಂಟ್ ಕೊಡುವ ಸಾಧನ) ಎರಡೂ ಹಾಕಿಸಿ. ಬ್ರೇಕ್ ವೈರ್ ಹೆಚ್ಚಾಗಿ ನೀಲಿ, ಅರ್ಥ್ ಬಿಳಿ, ಆದರೆ ಸುಮ್ನೆ ಬಣ್ಣ ನಂಬಬೇಡಿ, ಟೆಸ್ಟರ್ ಇಟ್ಟು ನೋಡಿ. ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸುತ್ತಾ ಕಂಟ್ರೋಲರಿನ ಗೇನ್ (ಬ್ರೇಕ್ ಎಷ್ಟು ಜೋರಾಗಿ ಹಿಡಿಯಬೇಕು ಅನ್ನುವ ಸೆಟ್ಟಿಂಗ್) ಏರಿಸಿ, ಚಕ್ರ ಲಾಕ್ ಆದರೆ ಸ್ವಲ್ಪ ಇಳಿಸಿ. ಅಲ್ಲಿಯವರೆಗೆ ದಯವಿಟ್ಟು ಲೋಡ್ ಎಳೆಯಬೇಡಿ.