'ದಿ ಝೋಯಾ ಫ್ಯಾಕ್ಟರ್' ಕಾದಂಬರಿಯನ್ನು ಒಬ್ಬರು ಹೊಗಳ್ತಾರೆ, ಇನ್ನೊಬ್ಬರು ಬೈತಾರೆ. ಕ್ರಿಕೆಟ್ ಇಷ್ಟವಿಲ್ಲದ ತಂಗಿಗೆ ಹುಟ್ಟುಹಬ್ಬಕ್ಕೆ ಕೊಡಬಹುದೇ?

ಕೊಡಬಹುದೋ ಇಲ್ಲವೋ ಅನ್ನುವುದು ನಿಮ್ಮ ತಂಗಿಗೆ ಕ್ರಿಕೆಟ್ ಎಷ್ಟು ಗೊತ್ತು ಅನ್ನುವುದಕ್ಕಿಂತ ಹಿಂದಿ ಎಷ್ಟು ಗೊತ್ತು ಅನ್ನುವುದರ ಮೇಲೆ ನಿಂತಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಓದಿದವರ ಮಾತು ಯಾಕೆ ಒಂದಕ್ಕೊಂದು ತಾಳೆಯಾಗುವುದಿಲ್ಲ ಅಂತ ಕೇಳಿದ್ದೀರಲ್ಲ, ಮೊದಲು ಅದನ್ನು ಹೇಳುತ್ತೇನೆ. ನಮ್ಮ ಮನೆಯಲ್ಲೇ ಈ ಪುಸ್ತಕಕ್ಕೆ ಎರಡು ಪಕ್ಷಗಳಿವೆ.

ಓದದವರಿಗಾಗಿ ಕಥೆ ಇಷ್ಟು. ಝೋಯಾ ಸಿಂಗ್ ಸೋಲಂಕಿ ದೆಹಲಿಯ ಕರೋಲ್ ಬಾಗ್‌ನ ಹುಡುಗಿ, ಜಾಹೀರಾತು ಏಜೆನ್ಸಿಯೊಂದರಲ್ಲಿ ಮಧ್ಯಮ ದರ್ಜೆಯ ಕೆಲಸ. 1983ರಲ್ಲಿ ಕಪಿಲ್ ದೇವ್ ತಂಡ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಗೆದ್ದ ಗಳಿಗೆಯಲ್ಲೇ ಹುಟ್ಟಿದವಳು. ಆಟಗಾರರ ಫೋಟೊ ತೆಗೆಸಲು ಕಂಪನಿ ಅವಳನ್ನು ಢಾಕಾಕ್ಕೆ ಕಳಿಸುತ್ತದೆ. ಅಲ್ಲಿ ಅವಳು ಜೊತೆಯಲ್ಲಿ ಕೂತು ತಿಂಡಿ ತಿಂದ ದಿನ ತಂಡ ಗೆಲ್ಲುತ್ತದೆ, ತಿನ್ನದ ದಿನ ಸೋಲುತ್ತದೆ. ಇಷ್ಟು ಸಾಕಲ್ಲ ನಮ್ಮ ಜನಕ್ಕೆ! ಕ್ರಿಕೆಟ್ ಮಂಡಳಿ ಅವಳನ್ನು ಆಸ್ಟ್ರೇಲಿಯಾದ ವಿಶ್ವಕಪ್‌ಗೇ ಕರೆದುಕೊಂಡು ಹೋಗುತ್ತದೆ, ದೇಶ ಅವಳನ್ನು ದೇವಿ ಮಾಡಿ ಕೂರಿಸುತ್ತದೆ. ಒಪ್ಪದವನು ಒಬ್ಬನೇ, ನಾಯಕ ನಿಖಿಲ್ ಖೋಡಾ. ಬೆವರು ಸುರಿಸಿ ಗೆದ್ದಿದ್ದಕ್ಕೆ ಯಾರದೋ ತಿಂಡಿ ಕಾರಣ ಅಂದರೆ ಅವನಿಗೆ ಮೈ ಉರಿಯುತ್ತದೆ. ಪ್ರೀತಿ ಹುಟ್ಟುವುದೂ ಇವರಿಬ್ಬರ ನಡುವೆಯೇ.

ಈಗ ನಮ್ಮ ಮನೆಯ ಕಥೆ. ಅಣ್ಣನ ಮದುವೆ ಆಗಿದ್ದು 2011ರ ಫೆಬ್ರವರಿಯಲ್ಲಿ. ಏಪ್ರಿಲ್ 2ರಂದು ಶ್ರೀಲಂಕಾ ಜೊತೆ ವಿಶ್ವಕಪ್ ಫೈನಲ್. ಹೊಸ ಸೊಸೆ ಅತ್ತಿಗೆ ಚುರುಮುರಿ ತಟ್ಟೆ ಹಿಡಿದುಕೊಂಡು ಹಾಲ್‌ಗೆ ಬರುವುದಕ್ಕೂ, ಎರಡನೇ ಎಸೆತಕ್ಕೇ ಸೆಹ್ವಾಗ್ ಸೊನ್ನೆಗೆ ಔಟಾಗುವುದಕ್ಕೂ ಸರಿಹೋಯಿತು. ಚಿಕ್ಕಪ್ಪ ನಗುತ್ತಲೇ, "ನೀನು ಸ್ವಲ್ಪ ಒಳಗೇ ಇರಮ್ಮಾ" ಅಂದರು. ಆಮೇಲೊಮ್ಮೆ ಏನಾಯಿತು ಅಂತ ಅತ್ತಿಗೆ ಬಂದು ಇಣುಕಿದರು, ಸಚಿನ್ 18ಕ್ಕೆ ಔಟ್. ಮುಗಿಯಿತು. ಗಂಭೀರ್ 97 ಹೊಡೆದಿದ್ದನ್ನೂ ಧೋನಿ ಸಿಕ್ಸರ್ ಎತ್ತಿದ್ದನ್ನೂ ಅತ್ತಿಗೆ ಅಡುಗೆಮನೆಯಿಂದ ಬರೀ ಕಿವಿಯಲ್ಲಿ ಕೇಳಿದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವರೂ ನಕ್ಕರು, ಅಂತ ಆಗ ನಾನು ಅಂದುಕೊಂಡಿದ್ದೆ.

ಕೆಲವು ತಿಂಗಳ ಮೇಲೆ ಅವರೇ ಈ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ನನ್ನ ಕಥೇನ ಉಲ್ಟಾ ಮಾಡಿ ಬರ್ದಿದಾರೆ, ಓದು" ಅಂದರು. ನಾನು ಎರಡು ರಾತ್ರಿಯಲ್ಲಿ ಮುಗಿಸಿ, ಸಖತ್ತಾಗಿದೆ, ಅದರಲ್ಲೂ ಬಾಬಾಗಳು, ಚಾನೆಲ್‌ನವರು, ಮಂಡಳಿಯ ದೊಡ್ಡ ಮನುಷ್ಯರು ಬರುವ ಕಡೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆ ಅಂದೆ. ಅತ್ತಿಗೆಗೆ ಅಲ್ಲೇ ನಗು ನಿಂತಿತ್ತಂತೆ. "ಗೆದ್ರೆ ಇವಳಿಂದ ಅಂತಾರೆ. ಸೋತ ದಿನ ಯಾರಿಂದ ಅಂತಾರೆ?" ಕಾಲ್ಗುಣ ಅನ್ನುವ ಮಾತಿನ ಎರಡೂ ಮಗ್ಗುಲು ಗೊತ್ತಿರುವವರು ಕೇಳುವ ಪ್ರಶ್ನೆ ಅದು. ಕಾಲ್ಗುಣ ಚೆನ್ನಾಗಿದೆ ಅಂತ ಆರತಿ ಎತ್ತಿದವರೇ ಎಮ್ಮೆ ಸತ್ತ ದಿನ ಅದೇ ಕಾಲು ನೋಡುತ್ತಾರೆ. ಅತ್ತಿಗೆಯ ಪ್ರಕಾರ ಕಾದಂಬರಿ ಈ ಭಯವನ್ನು ಮುಟ್ಟುತ್ತದೆ, ಆದರೆ ಅಲ್ಲಿ ನಿಲ್ಲುವುದಿಲ್ಲ. ಮುಂದಿನ ಪುಟದಲ್ಲಿ ಮತ್ತೆ ಖೋಡಾನ ಕಣ್ಣು, ಖೋಡಾನ ಭುಜ. ಹೋದ ವರ್ಷ ಇನ್ನೊಮ್ಮೆ ಓದಿದಾಗ ಅವರು ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಸರಿ ಅನ್ನಿಸಿತು.

ಆದ್ದರಿಂದ, ಒಳ್ಳೆಯ ಪುಸ್ತಕ ಅನ್ನುವವರೂ ದಂಡ ಅನ್ನುವವರೂ ಮಾತಾಡುತ್ತಿರುವುದು ಒಂದೇ ಪುಸ್ತಕದ ಬಗ್ಗೆ ಅಲ್ಲ ಅಂತ ನನ್ನ ಲೆಕ್ಕ. ಒಂದು ರಟ್ಟಿನೊಳಗೆ ಎರಡು ಪುಸ್ತಕ ಇವೆ. ಒಂದು, ಅದೃಷ್ಟವನ್ನು ನಂಬಿ ಕೂತ ದೇಶವನ್ನು ಗೇಲಿ ಮಾಡುವ ನಗೆ ಕಾದಂಬರಿ. ಇನ್ನೊಂದು, ಹುಡುಗ ಸಿಕ್ಕಾನೋ ಇಲ್ಲವೋ ಅನ್ನುವ ಪ್ರೇಮಕಥೆ. ಮೊದಲನೆಯದು ಬಲು ಜೋರು, ಎರಡನೆಯದು ಸಾಧಾರಣ. ಯಾವುದನ್ನು ಹುಡುಕಿಕೊಂಡು ಹೋಗಿದ್ದಿರೋ ಅದರಂತೆ ಖುಷಿ ಅಥವಾ ಸಿಟ್ಟು.

ಮೊದಲನೆಯದು ಯಾಕೆ ಜೋರು ಅಂದರೆ ಲೇಖಕಿಗೆ ಆ ಲೋಕ ಒಳಗಿನಿಂದ ಗೊತ್ತು. ಅನುಜಾ ಚೌಹಾಣ್ ಜೆಡಬ್ಲ್ಯೂಟಿ ಎಂಬ ಜಾಹೀರಾತು ಏಜೆನ್ಸಿಯಲ್ಲಿ 17 ವರ್ಷ ಕೆಲಸ ಮಾಡಿದವರು, ಪೆಪ್ಸಿಯ 'ಯೇ ದಿಲ್ ಮಾಂಗೇ ಮೋರ್' ಅವರದೇ. (ಕಾರ್ಗಿಲ್‌ನಲ್ಲಿ ಕ್ಯಾಪ್ಟನ್ ವಿಕ್ರಮ್ ಬಾತ್ರಾ ಹೇಳಿ ಪ್ರಸಿದ್ಧವಾದ ಮಾತು ಅದೇ ಜಾಹೀರಾತಿನದು.) ಕೋಲಾ ಕಂಪನಿ, ಕ್ರಿಕೆಟಿಗ, ಕ್ಯಾಮೆರಾ ಮೂರೂ ಸೇರಿದ ಕಡೆ ಏನೇನು ನಡೆಯುತ್ತದೆ ಅಂತ ಅವರು ಊಹಿಸಿ ಬರೆಯಬೇಕಾಗಿರಲಿಲ್ಲ. ಕ್ಲೈಂಟ್ ಮುಂದೆ ಹಲ್ಲು ಕಿರಿಯುವುದು, ಸ್ಟಾರ್ ಬರುವ ತನಕ ಕಾಯುವುದು, ಬಾಸ್‌ನ ಬೈಗುಳ, ಎಲ್ಲಕ್ಕೂ ಬೆವರಿನ ವಾಸನೆ ಇದೆ. ಪುಸ್ತಕ ಬಂದ ಕಾಲವೂ ಹಾಗಿತ್ತು. 2007ರ ಮಾರ್ಚ್‌ನಲ್ಲಿ ನಮ್ಮ ದ್ರಾವಿಡ್ ನಾಯಕತ್ವದ ತಂಡ ಬಾಂಗ್ಲಾದೇಶದ ಎದುರು ಸೋತು, ಮೊದಲ ಸುತ್ತಿನಲ್ಲೇ ವಿಶ್ವಕಪ್‌ನಿಂದ ಹೊರಬಿದ್ದಿತ್ತು. ರಾಂಚಿಯಲ್ಲಿ ಧೋನಿ ಕಟ್ಟಿಸುತ್ತಿದ್ದ ಮನೆಗೆ ಜನ ನುಗ್ಗಿದ್ದರು. ಅದೇ ಸೆಪ್ಟೆಂಬರ್‌ನಲ್ಲಿ ಟಿ20 ವಿಶ್ವಕಪ್ ಗೆದ್ದಾಗ ಅದೇ ಧೋನಿಗೆ ಜೈಕಾರ. ಮರುವರ್ಷ, 2008ರಲ್ಲಿ ಈ ಕಾದಂಬರಿ ಬಂತು. ಆಗ ಓದಿದವರಿಗೆ ಇದು ಬರೀ ಕಟ್ಟುಕಥೆಯಾಗಿ ಕಾಣಲು ಸಾಧ್ಯವೇ ಇರಲಿಲ್ಲ. ಇವತ್ತು ಓದುವವರಿಗೆ ಆ ಬಿಸಿ ತಗಲುವುದು ಕಷ್ಟ, ಆದರೂ ಆರ್‌ಸಿಬಿ ಪಂದ್ಯ ಮುಗಿಯುವ ತನಕ ಕೂತ ಜಾಗದಿಂದ ಏಳದ ಒಬ್ಬ ಮನುಷ್ಯ ನಿಮ್ಮ ಮನೆಯಲ್ಲಿದ್ದರೆ ಸಾಕು.

ಬೈಯುವವರ ಮಾತಿನಲ್ಲೂ ಹುರುಳಿದೆ. ಐನೂರು ಪುಟದ ಆಸುಪಾಸಿನ ಪುಸ್ತಕ ಇದು. ನಗೆಯ ಪ್ರೇಮಕಥೆಗೆ ಅಷ್ಟು ಹಿಟ್ಟು ಬೇಕಿರಲಿಲ್ಲ. ಆಸ್ಟ್ರೇಲಿಯಾ ತಲುಪಿದ ಮೇಲೆ ಪಂದ್ಯ, ಮುನಿಸು, ರಾಜಿ, ಮತ್ತೆ ಪಂದ್ಯ, ಮತ್ತೆ ಮುನಿಸು. ಇಬ್ಬರೂ ಕೂತು ಐದು ನಿಮಿಷ ನೆಟ್ಟಗೆ ಮಾತಾಡಿದ್ದರೆ ಮುಗಿಯುವ ಜಗಳಗಳು. ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದ ನಮ್ಮಮ್ಮನಂಥವರಿಗೆ ಇದು ಹೊಸದಲ್ಲ, "ಮುಂದಿನ ವಾರಕ್ಕೆ ಎಳೀತಿದಾರೆ" ಅಂತ ಪುಟ ಹಾರಿಸುತ್ತಾರೆ. ಖೋಡಾನೂ ಮನುಷ್ಯ ಅನ್ನಿಸುವುದು ಅಪರೂಪ. ಚೆಂದ ಇದ್ದಾನೆ, ಧೀರ ಇದ್ದಾನೆ, ಪ್ರಾಮಾಣಿಕ ಇದ್ದಾನೆ, ಒಮ್ಮೆಯಾದರೂ ಶರ್ಟಿಗೆ ಸಾಂಬಾರ್ ಚೆಲ್ಲಿಕೊಂಡಿದ್ದರೆ ನನಗೂ ಇಷ್ಟವಾಗುತ್ತಿದ್ದನೇನೋ. ಝೋಯಾಗೆ ಬರುವ ಸಂಶಯ ಮಾತ್ರ ನಿಜವಾಗಿಯೂ ಚುರುಕಾದದ್ದು: ಇವನಿಗೆ ಬೇಕಿರುವುದು ನಾನಾ, ನನ್ನ ಅದೃಷ್ಟವಾ? ಇಡೀ ಪ್ರೇಮಕಥೆಯಲ್ಲಿ ನನಗೆ ಉಳಿದಿದ್ದು ಅದೊಂದೇ.

ಇನ್ನು ಭಾಷೆ. ದಕ್ಷಿಣದ ಓದುಗರು ಎಡವುವುದು ಇಲ್ಲೇ ಅಂತ ನನ್ನ ಅನುಮಾನ. ಪುಸ್ತಕ ಇಂಗ್ಲಿಷ್‌ನಲ್ಲಿದೆ ಅಂತಾರೆ, ಆದರೆ ಅದರ ನಗು ಇರುವುದು ದೆಹಲಿ ಹಿಂದಿಯಲ್ಲಿ. ಝೋಯಾಳ ಚಿಕ್ಕಮ್ಮ ರಿಂಕು ಚಾಚಿಯ ಮಾತು, ಆಟಗಾರರ ಇಂಗ್ಲಿಷ್, ಏಜೆನ್ಸಿಯವರ ಬೈಗುಳ, ಎಲ್ಲ ಮಿಶ್ರಣ. ನಾವು "ಟೆನ್ಶನ್ ತಗೋಬೇಡ ಮಗಾ" ಅಂದಾಗ ಬರುವ ನಗು ಕನ್ನಡ ಬಾರದವರಿಗೆ ಹೇಗೆ ದಾಟುವುದಿಲ್ಲವೋ ಇದೂ ಹಾಗೆ. ಅರ್ಥ ಆಗುತ್ತದೆ, ನಗು ಬರುವುದಿಲ್ಲ. ನನ್ನ ಒಬ್ಬ ಗೆಳೆಯ, ಹಿಂದಿಯನ್ನು ಶಾಲೆಯ ಮೂರನೇ ಭಾಷೆಯಾಗಿ ಮೂವತ್ತೈದು ಅಂಕಕ್ಕೆ ಕಲಿತವನು, ನೂರು ಪುಟಕ್ಕೆ ಕೈ ಮುಗಿದು ವಾಪಸ್ ಕೊಟ್ಟ. ಅವನನ್ನು ರಸಹೀನ ಅನ್ನಲಾರೆ. ತಮಾಷೆ ಏನೆಂದರೆ ಲೇಖಕಿ ಈಗ ಇರುವುದು ನಮ್ಮ ಬೆಂಗಳೂರಿನ ಕಡೆಯೇ. ಕಾಂಗ್ರೆಸ್ ನಾಯಕಿ ಮಾರ್ಗರೇಟ್ ಆಳ್ವಾ ಅವರ ಸೊಸೆ. 2023ರ 'ದಿ ಫಾಸ್ಟ್ ಅಂಡ್ ದ ಡೆಡ್' ಕಾದಂಬರಿಯಲ್ಲಿ ಕಥೆಯನ್ನು ಇಲ್ಲಿನ ಗಲ್ಲಿಗೂ ತಂದಿದ್ದಾರೆ, ನನ್ನ ಗೆಳೆಯನಿಗೆ ಅಲ್ಲಾದರೂ ನ್ಯಾಯ ಸಿಗಲಿ.

2019ರಲ್ಲಿ ಬಂದ ಸಿನಿಮಾ ನೋಡಿ ಪುಸ್ತಕವನ್ನು ಅಳೆಯುವವರೂ ಇದ್ದಾರೆ. ಸೋನಂ ಕಪೂರ್, ದುಲ್ಕರ್ ಸಲ್ಮಾನ್ ಇದ್ದೂ ಅದು ಓಡಲಿಲ್ಲ. ಝೋಯಾಳ ತಲೆಯೊಳಗಿನ ಹರಟೆಯೇ ಪುಸ್ತಕದ ಜೀವ, ಅದನ್ನು ತೆಗೆದರೆ ಉಳಿಯುವುದು ತಿಂಡಿ ತಿನ್ನುವ ಹುಡುಗಿ. ನಿಮ್ಮ ತಂಗಿ ಸಿನಿಮಾ ನೋಡಿಲ್ಲದಿದ್ದರೆ ಒಳ್ಳೆಯದೇ ಆಯಿತು.

ಅವಳ ವಿಷಯಕ್ಕೆ ಬಂದರೆ, ಕ್ರಿಕೆಟ್ ಬಾರದಿರುವುದು ಅಡ್ಡಿಯೇ ಅಲ್ಲ. ಝೋಯಾಗೂ ಕ್ರಿಕೆಟ್ ಅಂದರೆ ಅಷ್ಟಕ್ಕಷ್ಟೆ. ಎಲ್‌ಬಿಡಬ್ಲ್ಯೂ ಅಂದರೇನು ಅಂತ ಗೊತ್ತಿಲ್ಲದೆಯೂ ಪೂರ್ತಿ ಓದಬಹುದು. ತಂಗಿ ಹಿಂದಿ ಸಿನಿಮಾವನ್ನು ಸಬ್‌ಟೈಟಲ್ ಇಲ್ಲದೆ ನೋಡಿ ಸರಿಯಾದ ಜಾಗದಲ್ಲಿ ನಗುವವಳಾದರೆ ಕಣ್ಣು ಮುಚ್ಚಿ ಕೊಡಿ. ಇಲ್ಲವಾದರೆ ಅಂಗಡಿಯಲ್ಲೇ ನಿಂತು ಮೊದಲ ಹತ್ತು ಪುಟ ಅವಳಿಗೇ ಓದಿಸಿ, ಉಡುಗೊರೆಯ ಗುಟ್ಟು ಹೋದರೆ ಹೋಗಲಿ. ಅವಳಿಗೆ ಹೊಸದಾಗಿ ಮದುವೆಯಾಗಿದ್ದರೆ ಮಾತ್ರ ಓದಿ ಮುಗಿಸಿದ ಮೇಲೆ ಏನನ್ನಿಸಿತು ಅಂತ ಕೇಳಿ ನನಗೂ ತಿಳಿಸಿ. ಅತ್ತಿಗೆ ಕಾಯುತ್ತಿದ್ದಾರೆ.